ನೋಟ, ಪೇಟೆ, ಊಟ: ಸುಗಂಧವರ್ತಿಯ ನಾಡಿಗೆ ಬರುವ ಯಾತ್ರಿಕನಿಗೆ

(ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ನೀಡಿದ ಉಪನ್ಯಾಸ)



ಪ್ರತಿಷ್ಠಾ ಮಹೋತ್ಸವಕ್ಕೆಂದು ದೂರದ ಊರುಗಳಿಂದ ಬಂದಿಳಿದ ಶ್ರಾವಕ ಶ್ರಾವಿಕೆಯರು, ಬೆಳಗಿನ ಅಭಿಷೇಕ ಮುಗಿದ ಮೇಲೆ ದೊರೆಯುವ ಬಿಡುವಿನಲ್ಲಿ ಕಾರ್ಯಕರ್ತರನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಈ ಸೀಮೆಯಲ್ಲಿ ನೋಡತಕ್ಕದ್ದು ಏನು, ಕೊಳ್ಳತಕ್ಕದ್ದು ಏನು, ಉಣ್ಣತಕ್ಕದ್ದು ಏನು? ಪ್ರಶ್ನೆ ಸರಳವಾದದ್ದು, ಉತ್ತರವೂ ಕಠಿಣವಾದದ್ದಲ್ಲ. ಆದರೆ ನೋಟ, ಪೇಟೆ, ಊಟಗಳನ್ನು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಗತಿಗಳೆಂದು ತಿಳಿದವನಿಗೆ ಈ ನಾಡು ಅರ್ಧ ಮಾತ್ರ ಕಾಣುತ್ತದೆ. ಇಲ್ಲಿ ದೇಗುಲದ ದೀಪಕ್ಕೆ ಎಣ್ಣೆ ಬಂದದ್ದು ಪೇಟೆಯಿಂದ. ಅತಿಥಿಯ ಎಲೆಗೆ ಅನ್ನ ಬಂದದ್ದು ದೇಗುಲಕ್ಕೆ ಬಿಟ್ಟ ಹೊಲದಿಂದ. ಈ ನಂಟು ಗಟ್ಟಿಯಾಗಿದ್ದ ಕಾಲದಲ್ಲಿ ಕಲ್ಲು ನಿಂತಿತು, ನಂಟು ಸಡಿಲಿದ ಕಡೆ ಕಲ್ಲು ಉರುಳಿತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳೆಂಬ ನಾಲ್ಕು ಊರುಗಳನ್ನು ಸುತ್ತಿ ಬರುವುದು ಉಚಿತ.

ಈ ನಾಲ್ಕು ಊರುಗಳೂ ಬೆಳಗಾವಿ ಜಿಲ್ಲೆಯವು. ನಾಲ್ಕನ್ನೂ ಒಂದು ದಾರದಂತೆ ಕೋದಿರುವುದು ಮಲಪ್ರಭಾ ನದಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯ ಹರಿವಿನ ಜಾಡನ್ನೇ ಹಿಡಿದು ಪಡುವಣದಿಂದ ಮೂಡಣಕ್ಕೆ ನಡೆದರೆ ಮೊದಲು ಕಿತ್ತೂರು, ಬಳಿಕ ಬೈಲಹೊಂಗಲ, ಸವದತ್ತಿ, ಕೊನೆಗೆ ರಾಮದುರ್ಗ. ಮಲೆನಾಡಿನ ಸೆರಗಿನಿಂದ ಹೊರಟ ಯಾತ್ರಿಕನು ಎರೆನೆಲದ ಬಯಲಿಗೆ ಬಂದು ತಲುಪುತ್ತಾನೆ; ಭತ್ತದ ಗದ್ದೆ ಹಿಂದುಳಿದು ಜೋಳ, ಹತ್ತಿ, ಕಡಲೆಗಳ ಹೊಲ ಎದುರಾಗುತ್ತದೆ. ಈ ಊರುಗಳಲ್ಲಿ ಒಂದಕ್ಕೂ ರೈಲಿನ ನಿಲ್ದಾಣವಿಲ್ಲ. ಧಾರವಾಡ ಅಥವಾ ಬೆಳಗಾವಿಯಲ್ಲಿ ಇಳಿದು ಬಸ್ಸು ಹಿಡಿಯುವುದೇ ದಾರಿ. ಅವಸರಪಡದೆ ನೋಡಬಯಸುವವನು ನಾಲ್ಕು ಊರಿಗೆ ನಾಲ್ಕು ದಿನ ಮೀಸಲಿಡುವುದು ಲೇಸು.

ಕಿತ್ತೂರು ಬೆಳಗಾವಿ ಧಾರವಾಡಗಳ ನಡುವಣ ಹೆದ್ದಾರಿಯ ಮಗ್ಗುಲಲ್ಲೇ ಇದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಈ ಕೋಟೆಯ ಮುಂದೆ ಗುಂಡಿಗೆ ಬಲಿಯಾದುದೂ, ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯದೊಡನೆ ಮರಳಿ ಬಂದು ಕೋಟೆಯನ್ನು ಹಿಡಿದುದೂ ಸರ್ವವಿದಿತ. ಇಂದು ಅಲ್ಲಿ ಉಳಿದಿರುವುದು ಬಿದ್ದ ಗೋಡೆಗಳು, ಅರಮನೆಯ ತಳಪಾಯ, ನೀರಿನ ಕಾಲುವೆ ಹಾಗೂ ಸ್ನಾನಗೃಹಗಳ ಕುರುಹು, ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿ. ಹೊಸಬನು ಇದನ್ನು ಕಂಡು ಇಷ್ಟೇಯೇ ಎಂದು ನಿರಾಶನಾಗುವುದುಂಟು. ಆತನು ಮೊದಲು ಕೋಟೆಯ ಆವರಣದಲ್ಲಿ 1967ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯವನ್ನು ನೋಡಿ, ಅನಂತರ ಅರಮನೆಯ ಅಂಗಳಕ್ಕೆ ಬರಬೇಕು. ಆಗ ಗೋಡೆಯಿಲ್ಲದ ಕಡೆಯೂ ಗೋಡೆ ಕಾಣತೊಡಗುತ್ತದೆ. ಅಕ್ಟೋಬರಿನಲ್ಲಿ ನಡೆಯುವ ಕಿತ್ತೂರು ಉತ್ಸವದ ದಿನಗಳಲ್ಲಿ ಇಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಉಳಿದ ದಿನಗಳಲ್ಲಿ ಕೋಟೆಯು ನೋಡುವವನಿಗೆ ತನ್ನ ಮೌನವನ್ನು ಕೊಡುತ್ತದೆ.

ಕಿತ್ತೂರಿನವರೆಗೆ ಬಂದವನು ಸಮೀಪದ ದೇಗಾಂವಿಯನ್ನು ನೋಡದೆ ಹಿಂದಿರುಗಬಾರದು. ಗೋವೆಯ ಕದಂಬರ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು 12ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯ ಅಲ್ಲಿದೆ. ಒಂದೇ ಸಾಲಿನಲ್ಲಿ ಮೂರು ಗರ್ಭಗೃಹಗಳು, ತಿರುಗಣಿಯಲ್ಲಿ ಕಡೆದಂತೆ ನುಣುಪಾದ ಕಂಬಗಳು, ತಾವರೆ ಅರಳಿದ ಮೇಲ್ಛಾವಣಿ. ಈ ಛಾವಣಿಯ ಕೆಳಗೆ ನಿಂತ ಶ್ರಾವಕನಿಗೆ ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯ ನೆನಪಾಗದಿರದು. ದೇವರು ಬೇರೆಯಾದರೂ ಉಳಿ ಹಿಡಿದ ಕೈಗಳ ಸಂಪ್ರದಾಯ ಒಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎರಡನೆಯ ದಿನ ಬೈಲಹೊಂಗಲ. ಕಿತ್ತೂರು ಬಿದ್ದ ಮೇಲೆ ರಾಣಿ ಚೆನ್ನಮ್ಮನನ್ನು ಸೆರೆಯಲ್ಲಿಟ್ಟದ್ದು ಇಲ್ಲಿ. 1829ರಲ್ಲಿ ಆಕೆ ದೇಹವಿಟ್ಟದ್ದೂ ಇಲ್ಲಿಯೇ. ಊರಿನ ನಡುವೆ ಇರುವ ಆಕೆಯ ಸಮಾಧಿಗೆ ಬರುವವರು ಸದ್ದು ಮಾಡದೆ ಒಂದು ಹೂವಿಟ್ಟು ಹೋಗುತ್ತಾರೆ. ಆಕೆಯ ಬಂಟ ರಾಯಣ್ಣನ ಹುಟ್ಟೂರಾದ ಸಂಗೊಳ್ಳಿಯೂ ಇದೇ ತಾಲೂಕಿನಲ್ಲಿ, ಮಲಪ್ರಭೆಯ ದಡದಲ್ಲಿದೆ. ಊರ ಬಡಗಣ ಬದಿಯಲ್ಲಿ ರಾಮಲಿಂಗನ ಹಳೆಯ ಗುಡಿಯೊಂದಿದೆ. ಅದರ ಕಟ್ಟಡದ ರೀತಿಯನ್ನು ಕಂಡ ವಿದ್ವಾಂಸರು ಮೂಲತಃ ಇದು ಬಸದಿಯಾಗಿತ್ತೆಂದು ಬಹಳ ಹಿಂದೆಯೇ ಬರೆದಿದ್ದಾರೆ. ಈ ಸಂಗತಿಯನ್ನು ಕೇಳಿದೊಡನೆ ಕೆಲವರ ಮನಸ್ಸು ಕದಡುವುದುಂಟು. ಕದಡಬೇಕಾದ ಕಾರಣವಿಲ್ಲವೆಂಬುದನ್ನು ಸವದತ್ತಿಯ ಒಂದು ಶಾಸನವೇ ಹೇಳುತ್ತದೆ. ಆ ಮಾತು ಮುಂದೆ ಬರಲಿದೆ.

ಬೈಲಹೊಂಗಲದ ಸುತ್ತ ಎರಡು ಸ್ಥಳಗಳು ಅವಶ್ಯ ನೋಡತಕ್ಕವು. ಒಂದು ಸೊಗಲ. ಬೆಟ್ಟದ ಇಡುಕಿನಿಂದ ನೀರು ಧುಮುಕುವ ಈ ಸ್ಥಳದಲ್ಲಿ ಸೋಮೇಶ್ವರನ ಗುಡಿಯಿದೆ. ಚಾಳುಕ್ಯ ಚಕ್ರವರ್ತಿ ಇಮ್ಮಡಿ ತೈಲಪನ ಕಾಲದ, ಕ್ರಿ.ಶ. 980ರ ಶಾಸನವಿದೆ. ಮಳೆಗಾಲ ಮುಗಿದ ಹೊಸತರಲ್ಲಿ ಇಲ್ಲಿಗೆ ಬಂದವನ ಕಣ್ಣಿಗೂ ಕಿವಿಗೂ ಒಂದೇ ಬಾರಿಗೆ ತಂಪಾಗುತ್ತದೆ. ಇನ್ನೊಂದು ವಕ್ಕುಂದ. ಮಲಪ್ರಭೆಯ ತೀರದ ಈ ಹಳ್ಳಿಯಲ್ಲಿ ಹಳೆಯ ಮುಕ್ತೇಶ್ವರ ದೇವಾಲಯವಿದೆ. ಆದರೆ ವಕ್ಕುಂದದ ಹಿರಿಮೆ ಅಷ್ಟಕ್ಕೇ ಮುಗಿಯುವುದಿಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಇರುವ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ ಮತ್ತು ಒಂಕುಂದ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸಮಕ್ಕೆ ನಿಂತ ಆ ಒಂಕುಂದವೇ ಈ ವಕ್ಕುಂದವೆಂದು ಪಂಡಿತರು ಗುರುತಿಸಿದ್ದಾರೆ. ಎಮ್ಮೆ ಮೇಯಿಸುವ ಹುಡುಗನನ್ನು ದಾರಿ ಕೇಳಿದ ಯಾತ್ರಿಕನು ಆತನ ಉತ್ತರವನ್ನು ಕಿವಿಗೊಟ್ಟು ಕೇಳಬೇಕು. ಆ ಮಾತಿಗೆ ಸಾವಿರದ ನೂರು ವರ್ಷಗಳ ಹಿಂದೆಯೇ ಮನ್ನಣೆ ದೊರೆತಿತ್ತು.

ಮೂರನೆಯ ದಿನವನ್ನು ಪೂರ್ತಿಯಾಗಿ ಸವದತ್ತಿಗೆ ಕೊಡಬೇಕು. ಶಾಸನಗಳು ಈ ಊರನ್ನು ಸುಗಂಧವರ್ತಿ ಎಂದು ಕರೆಯುತ್ತವೆ. ರಟ್ಟರ ಮೊದಲ ರಾಜಧಾನಿ ಇದು. ಮುಂದೆ ಅವರು ವೇಣುಗ್ರಾಮವನ್ನು, ಎಂದರೆ ಬೆಳಗಾವಿಯನ್ನು, ರಾಜಧಾನಿ ಮಾಡಿಕೊಂಡರು. ಇಲ್ಲಿಯ ಶಾಸನವು ಹೇಳುವಂತೆ, ಶಕವರ್ಷ 797ರಲ್ಲಿ, ಎಂದರೆ ಕ್ರಿ.ಶ. 875ರಲ್ಲಿ, ರಟ್ಟವಂಶದ ಪೃಥ್ವೀರಾಮನು ಸುಗಂಧವರ್ತಿಯಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿ ಅದಕ್ಕೆ 18 ನಿವರ್ತನ ಭೂಮಿಯನ್ನು ಬಿಟ್ಟನು. ಶಕ 902ರಲ್ಲಿ, ಎಂದರೆ 980ರಲ್ಲಿ, ಶಾಂತಿವರ್ಮನು ಇನ್ನೊಂದು ಜಿನಾಲಯವನ್ನು ಮಾಡಿಸಿ 150 ಮತ್ತರು ನೆಲವನ್ನು ಕೊಟ್ಟನು; ಆತನ ತಾಯಿ ನಿಜಿಕಬ್ಬೆಯೂ ಅಷ್ಟೇ ನೆಲವನ್ನು ಕೊಟ್ಟಳು. ಗಮನಿಸಬೇಕಾದ ಸಂಗತಿಯೆಂದರೆ, ಕಟ್ಟಿಸಿದವನು ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಬಸದಿಯೊಡನೆ ಅದನ್ನು ಸಾಕುವ ಹೊಲವನ್ನೂ ಪ್ರತಿಷ್ಠಾಪಿಸಿದನು.

ಇದೇ ಸವದತ್ತಿಯಲ್ಲಿ 1228–29ರ ಇನ್ನೊಂದು ಶಾಸನವಿದೆ. ರಟ್ಟರ ಇಮ್ಮಡಿ ಲಕ್ಷ್ಮೀದೇವನ ಕಾಲದ್ದು. ಆಗ ರಾಜಗುರುವಾಗಿದ್ದವರು ಮುನಿಚಂದ್ರದೇವರು. ಜೈನ ಆಚಾರ್ಯರಾಗಿಯೂ ರಾಜ್ಯಭಾರದಲ್ಲಿ ನಿಪುಣರಾಗಿದ್ದವರು, ರಟ್ಟರಾಜ್ಯವನ್ನು ನೆಲೆಗೊಳಿಸಿದವರೆಂದು ಹೊಗಳಿಸಿಕೊಂಡವರು. ಆ ಶಾಸನವು ದಾಖಲಿಸುವ ದಾನ ಯಾವ ದೇಗುಲಕ್ಕೆ? ಕೇಶಿರಾಜನೆಂಬವನು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯಕ್ಕೆ. ಜೈನ ಮುನಿಯ ಕೀರ್ತಿಯೂ ಶಿವಾಲಯದ ದತ್ತಿಯೂ ಒಂದೇ ಕಲ್ಲಿನಲ್ಲಿ, ಒಂದೇ ಉಳಿಯಿಂದ, ಒಂದರ ಕೆಳಗೊಂದು ಕೆತ್ತಲ್ಪಟ್ಟಿವೆ. ಬೈಲಹೊಂಗಲದ ರಾಮಲಿಂಗನ ಗುಡಿಯೆದುರು ಮನಸ್ಸು ಕದಡಿದವನು ಈ ಕಲ್ಲಿನ ಎದುರು ಒಂದು ಗಳಿಗೆ ನಿಲ್ಲಬೇಕು. ಗುಡಿ ಯಾರದೆಂಬ ವ್ಯಾಜ್ಯದಿಂದ ಇಂದು ಒಂದು ಕಲ್ಲೂ ಉಳಿಯಲಾರದು. ದೀಪ ಹಚ್ಚುವವನು ಯಾರೇ ಆಗಲಿ, ಹಚ್ಚುವವನೊಬ್ಬನಿದ್ದುದರಿಂದಲೇ ಅನೇಕ ಹಳೆಯ ಬಸದಿಗಳ ಮಾಡು ಇಂದಿಗೂ ಬೀಳದೆ ನಿಂತಿದೆ.

ಊರಿನಲ್ಲಿ 18ನೆಯ ಶತಮಾನದಲ್ಲಿ ಸಿರಸಂಗಿಯ ಜಾಯಪ್ಪ ದೇಸಾಯಿ ಕಟ್ಟಿಸಿದ ಕೋಟೆಯಿದೆ. ಒಳಗೆ ಕಾಡಸಿದ್ಧೇಶ್ವರನ ಗುಡಿಯಿದ್ದು, ಪ್ರಾಕಾರದ ಕಲ್ಲುಗಳಲ್ಲಿ ಕೊರೆದ ಬಗೆಬಗೆಯ ರೇಖಾಚಿತ್ತಾರಗಳು ನೋಡುವಂತಿವೆ. ತಾಲೂಕಿಗೆ ಹಿಂದೆ ಹೆಸರು ಕೊಟ್ಟಿದ್ದ ಪರಸಗಡದ ಕೋಟೆ ಹತ್ತಿರದ ಗುಡ್ಡದ ಮೇಲಿದೆ. ಅಲ್ಲಿಂದ ಸುಮಾರು 9 ಕಿಲೋಮೀಟರಿನಲ್ಲಿ ಹೂಲಿ. ಶಾಸನಗಳ ‘ಪೂಲಿ’ ಇದೇ. ಸಾಸಿರ್ವರು ಮಹಾಜನರ ಅಗ್ರಹಾರವಾಗಿದ್ದ ಊರು. 1044ರಲ್ಲಿ ಲಚ್ಚಿಯಬ್ಬರಸಿಯೆಂಬ ಮಹಿಳೆ ಇಂತಹ ವೈದಿಕ ಅಗ್ರಹಾರದಲ್ಲಿಯೇ ಬಸದಿಯೊಂದನ್ನು ಕಟ್ಟಿಸಿದಳೆಂದರೆ ಆ ಕಾಲದ ಜನರ ಎದೆಯ ವಿಸ್ತಾರ ತಿಳಿಯುತ್ತದೆ. ಪಂಚಲಿಂಗೇಶ್ವರ, ತಾರಕೇಶ್ವರ, ಅಂಧಕೇಶ್ವರ ಮೊದಲಾದ ಗುಡಿಗಳು ಅಲ್ಲಿ ಚದುರಿಕೊಂಡಿವೆ. ಕೆಲವಕ್ಕೆ ಪೂಜೆಯುಂಟು, ಕೆಲವಕ್ಕೆ ಬಾವಲಿಗಳೇ ಅರ್ಚಕರು. ಸಂಜೆಗೆ ಮುನವಳ್ಳಿಯ ಬಳಿಯ ನವಿಲುತೀರ್ಥಕ್ಕೆ ಹೋದರೆ, ಬೆಟ್ಟವನ್ನು ಸೀಳಿ ಹರಿಯುತ್ತಿದ್ದ ಮಲಪ್ರಭೆಗೆ 1970ರ ದಶಕದಲ್ಲಿ ಕಟ್ಟಿದ ಅಣೆಕಟ್ಟು, ಅದರ ಹಿಂದೆ ಹರಡಿದ ರೇಣುಕಾಸಾಗರ ಕಾಣಸಿಗುತ್ತವೆ.

ಸವದತ್ತಿಯ ಮಾತು ಬಂದಾಗ ಎಲ್ಲಮ್ಮನ ಗುಡ್ಡವನ್ನು ಬಿಟ್ಟು ಮಾತಾಡುವುದು ಸಾಧ್ಯವಿಲ್ಲ. ಊರಿನಿಂದ ಸುಮಾರು 5 ಕಿಲೋಮೀಟರಿನಲ್ಲಿರುವ ರೇಣುಕೆಯ ಈಗಿನ ದೇವಾಲಯವನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕನು ಕಟ್ಟಿಸಿದನೆಂದು ಪ್ರತೀತಿ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಕರ್ನಾಟಕ, ಮಹಾರಾಷ್ಟ್ರ, ಆಂಧ್ರಗಳಿಂದ ಲಕ್ಷಗಟ್ಟಲೆ ಜನ ‘ಉಧೋ ಉಧೋ’ ಎನ್ನುತ್ತ ಗುಡ್ಡವೇರುತ್ತಾರೆ. ಮೊದಲು ಜೋಗುಳಬಾವಿಯಲ್ಲಿ ಮೀಯುವುದು, ಆಮೇಲೆ ಎಣ್ಣೆಹೊಂಡ, ಬಳಿಕ ದೇವಿಯ ದರ್ಶನ, ಇದು ಸಂಪ್ರದಾಯ. ಮೂರು ಕಲ್ಲು ಹೂಡಿ ಒಲೆ ಹಚ್ಚಿ, ಹೋಳಿಗೆ ಕಡುಬು ಮಾಡಿ, ಪಡಲಿಗೆ ತುಂಬಿಸಿ, ನೆರೆಯವನಿಗೂ ಬಡಿಸಿ ಉಣ್ಣುವ ಆ ಬಯಲ ಅಡಿಗೆಮನೆ ಬೇರೆ ಕಡೆ ಕಾಣಸಿಗುವುದು ಕಷ್ಟ. ಹೆಣ್ಣುಮಕ್ಕಳನ್ನು ದೇವಿಯ ಹೆಸರಿನಲ್ಲಿ ಬಿಡುವ ಕ್ರೂರ ರೂಢಿಯೊಂದು ಈ ಗುಡ್ಡಕ್ಕೆ ಬಹುಕಾಲ ಅಂಟಿಕೊಂಡಿತ್ತು. ಅದನ್ನು ನಿಷೇಧಿಸುವ ಕಾಯ್ದೆ 1982ರಲ್ಲಿ ರೂಪುಗೊಂಡಿತು. ಭಕ್ತಿಯನ್ನು ಗೌರವಿಸುವ ಯಾತ್ರಿಕನು ಈ ನೋವನ್ನೂ ಮರೆಯತಕ್ಕದ್ದಲ್ಲ. ಶಿಲ್ಪವನ್ನೂ ಶಾಸನವನ್ನೂ ನೋಡಬೇಕೆಂಬವನು ಹುಣ್ಣಿಮೆಯ ದಿನಗಳನ್ನು ಬಿಟ್ಟು ಬರಬೇಕು. ಜನವನ್ನು ನೋಡಬೇಕೆಂಬವನು ಹುಣ್ಣಿಮೆಯಂದೇ ಬರಬೇಕು.

ನಾಲ್ಕನೆಯ ದಿನದ ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿದ್ದ ಊರು. ಅರಮನೆಯೂ ಕೋಟೆಯೂ ಆ ಕಾಲವನ್ನು ನೆನಪಿಸಿದರೆ, 1939ರ ಏಪ್ರಿಲ್ 7ರಂದು ಪ್ರಜಾಸಂಘದ ಚಳವಳಿಯ ನಡುವೆ ಎರಡೂ ಕಡೆ ಜೀವಹಾನಿಯಾದ ‘ರಾಮದುರ್ಗ ದುರಂತ’ವು ಆ ಕಾಲದ ಕೊನೆಯನ್ನು ನೆನಪಿಸುತ್ತದೆ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ತಾಲೂಕಿನ ತೊರಗಲ್ಲಿನಲ್ಲಿ ನದಿಯ ದಡದ ಕೋಟೆ, ಭೂತನಾಥನ ಹಳೆಯ ಗುಡಿಗಳು. ಗೊಡಚಿಯಲ್ಲಿ ಹೊಸ್ತಿಲ ಹುಣ್ಣಿಮೆಗೆ ಕೂಡುವ ವೀರಭದ್ರನ ದೊಡ್ಡ ಜಾತ್ರೆ. ಸುರೇಬಾನದ ಹತ್ತಿರ ಶಬರಿಕೊಳ್ಳ. ರಾಮನಿಗಾಗಿ ಹಣ್ಣು ಹಿಡಿದು ಶಬರಿ ಕಾದಿದ್ದಳೆಂದು ಜನ ನಂಬುವ ಆ ಕೊಳ್ಳದ ತಂಪಿನಲ್ಲಿ, ಅತಿಥಿಗೆ ಉಣಿಸುವುದು ಈ ಸೀಮೆಯಲ್ಲಿ ಎಷ್ಟು ಹಳೆಯ ವ್ರತವೆಂಬುದು ತಾನಾಗಿಯೇ ಮನಸ್ಸಿಗೆ ಬರುತ್ತದೆ.

ಇನ್ನು ಪೇಟೆಯ ಮಾತು. ಈ ನಾಡಿನ ಪೇಟೆ ಬೆಡಗಿನದಲ್ಲ, ಬದುಕಿನದು. ಬೈಲಹೊಂಗಲ, ಸವದತ್ತಿಗಳ ಅಡತಿ ಅಂಗಡಿಗಳಲ್ಲಿ ಹತ್ತಿ, ಜೋಳ, ಕಡಲೆ, ಶೇಂಗಾ, ಗೋವಿನಜೋಳಗಳ ರಾಶಿ ಬೀಳುವ ಸುಗ್ಗಿಯ ಕಾಲದಲ್ಲಿ ಒಮ್ಮೆ ಸುತ್ತಿ ಬಂದರೆ ಊರಿನ ನಾಡಿ ಸಿಕ್ಕಿದಂತೆ. ರಾಮದುರ್ಗ, ಸುರೇಬಾನಗಳ ಕಡೆ ಮಗ್ಗದ ಸದ್ದು ಇನ್ನೂ ಇದೆ. ಅಲ್ಲಿಯ ನೇಕಾರರ ಸೀರೆಯನ್ನು ನೇಯ್ದವರ ಮನೆಯಿಂದಲೇ ಕೊಳ್ಳುವುದರಲ್ಲಿ ಕೊಳ್ಳುವವನಿಗೂ ಕೊಡುವವನಿಗೂ ಹಿತವಿದೆ. ವಾರದ ಸಂತೆಯಲ್ಲಿ ಕಂಬಳಿ, ಬೆಲ್ಲದ ಪೆಂಟೆ, ಹಗ್ಗ, ಎತ್ತಿನ ಗೆಜ್ಜೆಸರ. ಚಳಿಗಾಲದ ಜಾತ್ರೆಗಳಲ್ಲಿ ಬಾರೆಹಣ್ಣು, ಬಳವಲಹಣ್ಣು, ಬೆಂಡುಬೆತ್ತಾಸು, ಚುರುಮುರಿ. ಎಲ್ಲಮ್ಮನ ಗುಡ್ಡದಲ್ಲಿ ಕುಂಕುಮ, ಭಂಡಾರ, ಹಸಿರು ಬಳೆ. ಬೆಲೆಯಲ್ಲಿ ಚೌಕಾಶಿ ಮಾಡುವುದು ತಪ್ಪಲ್ಲ. ಆದರೆ ಬುಟ್ಟಿಯಿಟ್ಟು ಕುಳಿತ ಮುದುಕಿಯೊಡನೆ ಎರಡು ರೂಪಾಯಿಗೆ ಜಗಳವಾಡುವುದು ಅಪರಿಗ್ರಹದ ಮಾತಾಡುವ ಬಾಯಿಗೆ ಒಪ್ಪುವುದಿಲ್ಲ.

ಈ ಪೇಟೆಗಳ ಹಿಂದೆ ದೊಡ್ಡ ಪರಂಪರೆಯಿದೆ. 1204ರಲ್ಲಿ ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲಕ್ಕೆ ಬೀಚಿರಾಜನು ವೇಣುಗ್ರಾಮದಲ್ಲಿ ರಟ್ಟಜಿನಾಲಯವನ್ನು ಕಟ್ಟಿಸಿದಾಗ, ಅದಕ್ಕೆ ದತ್ತಿ ಬಿಟ್ಟವರಲ್ಲಿ ಅರಸು ಒಬ್ಬನೇ ಇರಲಿಲ್ಲ. ಪಟ್ಟಣದ ವರ್ತಕರು, ಲಾಟ ಮಲೆಯಾಳಗಳಿಂದ ಬಂದು ನೆಲಸಿದ ವ್ಯಾಪಾರಿಗಳು ಕೂಡಿ, ಮಾರಾಟವಾಗುವ ಸರಕುಗಳ ಮೇಲೆ ಬಸದಿಗೆಂದು ಆಯವನ್ನು ಗೊತ್ತುಮಾಡಿದರು. ಹೀಗೆ ಸಂತೆಗೆ ಬಂದ ಪರದೇಶಿಯೂ ತಿಳಿದೋ ತಿಳಿಯದೆಯೋ ಬಸದಿಯ ದೀಪಕ್ಕೆ ಒಂದು ಹನಿ ಎಣ್ಣೆ ಎರೆದು ಹೋಗುತ್ತಿದ್ದನು.

ಕೊನೆಯದು ಊಟ. ಬಿಳಿಜೋಳದ ರೊಟ್ಟಿ ಇಲ್ಲಿಯ ಅನ್ನ. ಅದರೊಡನೆ ಮಡಿಕೆಕಾಳಿನ ಪಲ್ಯ, ಜುಣಕ, ಶೇಂಗಾಹಿಂಡಿ, ಗುರೆಳ್ಳುಹಿಂಡಿ, ಕೆನೆಮೊಸರು. ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಹಬ್ಬಕ್ಕೆ ಶೇಂಗಾ ಹೋಳಿಗೆ, ಗೋಧಿಹುಗ್ಗಿ. ಮದುವೆಯ ಪಂಕ್ತಿಯಲ್ಲಿ ಹಾಲು ತುಪ್ಪ ಸುರಿದ ಮಾದೇಲಿ. ಸೀಗಿಹುಣ್ಣಿಮೆ, ಎಳ್ಳಮಾವಾಸ್ಯೆಗಳಂದು ಹೊಲದಲ್ಲಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ಆಮೇಲೆ ಬಂಧುಬಳಗ ಕುಳಿತು ಉಣ್ಣುವುದು ಇಲ್ಲಿಯ ಒಕ್ಕಲಿನ ನಡೆ. ಆ ದಿನ ಹೊಲದ ಬದುವಿನಲ್ಲಿ ಹಾದುಹೋಗುವ ಅಪರಿಚಿತನನ್ನೂ ‘ಬರ್ರಿ, ಉಣ್ಣಾಕ’ ಎಂದು ಕರೆಯದೆ ಬಿಡುವುದಿಲ್ಲ.

ವ್ರತನಿಯಮಗಳುಳ್ಳ ಶ್ರಾವಕನು ಪ್ರಯಾಣದಲ್ಲಿ ಕೆಲವು ಎಚ್ಚರ ವಹಿಸಬೇಕು. ಖಾನಾವಳಿಗಳ ಹಿಂಡಿ ಪಲ್ಯಗಳಲ್ಲಿ ಬೆಳ್ಳುಳ್ಳಿ ಉಳ್ಳಾಗಡ್ಡಿ ಇರುವುದೇ ರೂಢಿ. ಮೊದಲೇ ಹೇಳಿದರೆ ಅವಿಲ್ಲದೆ ಮಾಡಿಕೊಡುವವರಿದ್ದಾರೆ, ಹೇಳದೆ ಕುಳಿತು ಆಮೇಲೆ ಮುಖ ಸಿಂಡರಿಸುವುದು ಸರಿಯಲ್ಲ. ಬದನೆಯ ಎಣ್ಣೆಗಾಯಿ ಈ ಸೀಮೆಯ ಹೆಮ್ಮೆ. ಬಹುಬೀಜವನ್ನು ಬಿಟ್ಟವರು ಕಾಳಿನ ಪಲ್ಯವನ್ನು ಕೇಳಿಕೊಳ್ಳಬಹುದು. ಚಳಿಗಾಲದಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯಾಸ್ತವಾಗುವುದರಿಂದ ರಾತ್ರಿಭೋಜನ ತ್ಯಜಿಸಿದವರು ನಾಲ್ಕು ಗಂಟೆಗೇ ಊಟದ ಊರನ್ನು ಸೇರಿರಬೇಕು. ಕಟಿರೊಟ್ಟಿಯ ಕಟ್ಟು, ಬೆಳ್ಳುಳ್ಳಿಯಿಲ್ಲದ ಹಿಂಡಿ, ಸೋಸಿ ಕಾಸಿದ ನೀರು ಜೊತೆಗಿದ್ದರೆ ಹೂಲಿಯ ಪಾಳು ಗುಡಿಯ ಜಗುಲಿಯೂ ಭೋಜನಶಾಲೆಯಾದೀತು; ಎದ್ದು ಹೋಗುವಾಗ ಆ ಜಗುಲಿಯನ್ನು ಗುಡಿಸಿ ಹೋದರೆ ಸಾಕು.

ಕರ್ನಾಟಕದ ಬಸದಿಗಳ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಉದ್ದೇಶಗಳು ಎರಡು: ಒಡೆದು ಬಿರಿದ ಭಾಗಗಳ ಜೀರ್ಣೋದ್ಧಾರ, ಹಾಗೂ ಋಷಿಯರ ಆಹಾರದಾನ. ಕಟ್ಟಡವನ್ನು ಕಾಯುವುದು, ಬಂದವರಿಗೆ ಉಣಿಸುವುದು. ಈ ಎರಡು ಕೆಲಸಕ್ಕಾಗಿಯೇ ಹೊಲ, ಈ ಎರಡು ಕೆಲಸಕ್ಕಾಗಿಯೇ ಪೇಟೆಯ ಆಯ. ಪೃಥ್ವೀರಾಮನು ಬಿಟ್ಟ 18 ನಿವರ್ತನ ಯಾವ ಹೊಲವೆಂದು ಇಂದು ಹುಡುಕಿಯೂ ಪ್ರಯೋಜನವಿಲ್ಲ. ಕಲ್ಲಿನ ಮೇಲಿನ ಅಕ್ಷರಗಳು ಮಾತ್ರ ಉಳಿದಿವೆ. ಅವಾದರೂ ಇನ್ನೆಷ್ಟು ದಿನ? ಹಳ್ಳಿಹಳ್ಳಿಗಳಲ್ಲಿ ಶಾಸನದ ಕಲ್ಲುಗಳು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ, ದನ ಕಟ್ಟುವ ಗೂಟವಾಗಿವೆ. ಭಕ್ತಿಯಿಂದಲೇ ಬಳಿದ ಸುಣ್ಣದಲ್ಲಿ, ಬಣ್ಣದಲ್ಲಿ ಮುಳುಗಿವೆ. ನೋಡಲು ಬಂದ ಯಾತ್ರಿಕನು ಅಂತಹ ಕಲ್ಲನ್ನು ಕಂಡರೆ ಊರ ಹಿರಿಯರನ್ನು ಕರೆದು ಎರಡು ಮಾತು ತಿಳಿಸಿ, ನೆರಳಿನಲ್ಲಿ ನಿಲ್ಲಿಸುವಂತೆ ಕೇಳಿಕೊಳ್ಳಲಿ. ಅದು ಯಾವ ಮತದ ಕಲ್ಲೆಂದು ಮೊದಲು ಕೇಳದಿರಲಿ.

ಇಂದು ಬಿಂಬಪ್ರತಿಷ್ಠೆಯ ಸಂಭ್ರಮದಲ್ಲಿರುವ ಹೊಸ ಬಸದಿಗೂ ಈ ನಾಡಿನ ಹಳೆಯ ಕಲ್ಲುಗಳು ಇದೇ ಮಾತನ್ನು ಹೇಳುತ್ತವೆ. ಕಳಶವೇರಿಸುವ ದಿನ ಸಾವಿರ ಕೈಗಳು ಕೂಡುತ್ತವೆ. ನೂರು ವರ್ಷಗಳ ಮೇಲೆ ಒಂದು ಮಳೆಗಾಲದ ಬೆಳಗಿನಲ್ಲಿ ಸೋರುವ ಮಾಡಿಗೆ ಏಣಿಯಿಡುವ ಕೈ ಯಾರದೆಂಬುದನ್ನು ಇಂದೇ ಗೊತ್ತುಮಾಡಿ ಇಡಬೇಕು. ಬಾಗಿಲಿಗೆ ಬಂದ ದಾರಿಗನಿಗೆ ಹೊತ್ತು ಮುಳುಗುವ ಮುನ್ನ ಒಂದು ರೊಟ್ಟಿ ದೊರೆಯುವ ಏರ್ಪಾಟನ್ನೂ ಇಂದೇ ಮಾಡಿ ಇಡಬೇಕು. ಸುಗಂಧವರ್ತಿಯ ತಾಯಿಮಕ್ಕಳು ಸಾವಿರ ವರ್ಷಗಳ ಹಿಂದೆ ಮಾಡಿದ್ದು ಅದನ್ನೇ. ಆ ಹೆಸರುಗಳು ಇಂದಿನ ಸಭೆಯಲ್ಲಿ ಮತ್ತೆ ಉಚ್ಚರಿಸಲ್ಪಟ್ಟವು; ಅಷ್ಟರಮಟ್ಟಿಗೆ ಅವರ ದಾನ ಇನ್ನೂ ನಡೆಯುತ್ತಿದೆ.

ಯಾತ್ರೆ ಸುಖಕರವಾಗಲಿ. ಸರ್ವರಿಗೂ ಮಂಗಳವಾಗಲಿ.